ವ್ಯಾಕ್ಯೂಮ್ ಕ್ಲೀನರ್: ಬಾಳಿಕೆ ಅಡಗಿರುವುದು ಡಬ್ಬದ ಮೇಲೆ ಬರೆಯದ ಭಾಗಗಳಲ್ಲಿ

ಅಂಗಡಿಯಲ್ಲಿ ಸಾಲಾಗಿ ಇಟ್ಟ ವ್ಯಾಕ್ಯೂಮ್ ಕ್ಲೀನರ್‌ಗಳ ಮುಂದೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ವ್ಯಾಟ್‌ಗಳ ಅಂಕಿ. 1,200, 1,400, 1,600, 2,000 ಎಂದು ಡಬ್ಬದ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಂಕಿ ದೊಡ್ಡದಾದಷ್ಟೂ ಯಂತ್ರ ಗಟ್ಟಿ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಆದರೆ ಯಂತ್ರವು ಗೋಡೆಯ ಪ್ಲಗ್ಗಿನಿಂದ ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಎಳೆದುಕೊಂಡದ್ದರಲ್ಲಿ ದೂಳು ಹೀರಲು ಬಳಕೆಯಾದದ್ದೆಷ್ಟು, ಶಾಖವಾಗಿ ಮತ್ತು ಸದ್ದಾಗಿ ಹಾಳಾದದ್ದೆಷ್ಟು, ಹೀರಿದ ದೂಳಿನಲ್ಲಿ ಎಷ್ಟು ಮತ್ತೆ ಕೋಣೆಯ ಗಾಳಿಗೇ ಸೇರಿತು, ಯಂತ್ರ ಎರಡು ವರ್ಷ ಬಾಳುತ್ತದೆಯೋ ಹನ್ನೆರಡು ವರ್ಷ ಬಾಳುತ್ತದೆಯೋ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಹೆಚ್ಚು ಹಣ ಕೊಟ್ಟು ಒಳ್ಳೆಯ ಯಂತ್ರ ಕೊಳ್ಳುವುದು ಲಾಭವೇ ಎಂಬುದು ತೀರ್ಮಾನವಾಗುವುದು ಈ ಪ್ರಶ್ನೆಗಳಿಂದಲೇ.

ವ್ಯಾಟ್‌ಗೂ ಶುಚಿತ್ವಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಯುರೋಪಿನ ಒಕ್ಕೂಟದ ಅನುಭವ ಚೆನ್ನಾಗಿ ತೋರಿಸಿಕೊಟ್ಟಿದೆ. 2013ರಲ್ಲಿ ರೂಪಿಸಿದ ನಿಯಮದ ಪ್ರಕಾರ, 2014ರ ಸೆಪ್ಟೆಂಬರ್ 1ರಿಂದ 1,600 ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಅಲ್ಲಿನ ಮಾರುಕಟ್ಟೆಗೆ ತರುವಂತಿರಲಿಲ್ಲ. 2017ರ ಸೆಪ್ಟೆಂಬರ್ 1ರಿಂದ ಮಿತಿ 900 ವ್ಯಾಟ್‌ಗೆ ಇಳಿಯಿತು. ಮೊದಲ ಗಡುವು ಹತ್ತಿರವಾದಾಗ ಬ್ರಿಟನ್ನಿನಲ್ಲಿ ಅನೇಕರು ಹಳೆಯ ದೊಡ್ಡ ಯಂತ್ರಗಳನ್ನು ಕೊಳ್ಳಲು ಅಂಗಡಿಗಳಿಗೆ ಧಾವಿಸಿದರು. ಅವರ ಆತಂಕ ನಿಜವಾಗಲಿಲ್ಲ. ತಯಾರಕರು ಗಾಳಿ ಸಾಗುವ ದಾರಿಯನ್ನು ನುಣುಪುಗೊಳಿಸಿ, ಫ್ಯಾನಿನ ರೆಕ್ಕೆಗಳನ್ನೂ ನೆಲಕ್ಕೆ ತಾಗುವ ಮೂತಿಯನ್ನೂ ತಿದ್ದಿ, 900 ವ್ಯಾಟ್‌ನೊಳಗೇ ಚೆನ್ನಾಗಿ ಹೀರುವ ಯಂತ್ರಗಳನ್ನು ತಂದರು. ಅದೇ ನಿಯಮದಲ್ಲಿ ಹೆಚ್ಚು ಸುದ್ದಿಯಾಗದ, ಆದರೆ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದ ಇನ್ನೆರಡು ಷರತ್ತುಗಳಿದ್ದವು. ಮೋಟರ್ ಕನಿಷ್ಠ 500 ಗಂಟೆ ಓಡಬೇಕು. ಹೀರುವ ಕೊಳವೆಯನ್ನು ಎಳೆದು 40,000 ಬಾರಿ ಬಾಗಿಸಿದ ಮೇಲೂ ಅದು ಬಳಕೆಗೆ ಯೋಗ್ಯವಾಗಿ ಉಳಿಯಬೇಕು. ವಾರಕ್ಕೆ ಒಂದು ಗಂಟೆ ಬಳಸುವ ಮನೆಯಲ್ಲಿ 500 ಗಂಟೆಯೆಂದರೆ ಒಂಬತ್ತು ವರ್ಷಕ್ಕೂ ಹೆಚ್ಚು. ಬಾಳಿಕೆಯನ್ನು ಹೀಗೆ ಅಳೆಯಬಹುದು, ಅಳೆದು ಕಾನೂನಿನಲ್ಲಿ ಬರೆಯಬಹುದು ಎಂಬುದನ್ನು ಗ್ರಾಹಕರು ತಿಳಿದಿರಬೇಕು.

ಇನ್ನು ಹೀರುವ ಶಕ್ತಿಯ ವಿಷಯ. ಅದಕ್ಕೆ ಎರಡು ಮುಖಗಳಿವೆ. ಒಂದು, ಯಂತ್ರ ಉಂಟುಮಾಡುವ ಒತ್ತಡದ ವ್ಯತ್ಯಾಸ. ಅದನ್ನು ಕಿಲೊಪಾಸ್ಕಲ್‌ಗಳಲ್ಲಿ ಹೇಳುತ್ತಾರೆ. ಇನ್ನೊಂದು, ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಒಳಗೆ ಹರಿಯುತ್ತದೆ ಎಂಬುದು. ಕೊಳವೆಯ ಬಾಯನ್ನು ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠ ಮಟ್ಟಕ್ಕೇರುತ್ತದೆ, ಆದರೆ ಗಾಳಿ ಹರಿಯುವುದೇ ಇಲ್ಲ. ಬಾಯನ್ನು ಪೂರ್ತಿ ತೆರೆದಾಗ ಗಾಳಿ ಧಾರಾಳವಾಗಿ ಹರಿಯುತ್ತದೆ, ಒತ್ತಡ ಹೆಚ್ಚುಕಡಿಮೆ ಸೊನ್ನೆ. ಸೋಫಾದ ಸಂದಿಯಲ್ಲಿ ಕುಳಿತ ದೂಳನ್ನು ಎತ್ತಿ ಚೀಲದವರೆಗೆ ಒಯ್ಯಲು ಎರಡೂ ಒಟ್ಟಿಗೆ ಬೇಕು. ಅವೆರಡರ ಗುಣಲಬ್ಧವೇ ಏರ್‌ವ್ಯಾಟ್. ಒಂದು ಯಂತ್ರದ ಗರಿಷ್ಠ ಒತ್ತಡ 20 ಕಿಲೊಪಾಸ್ಕಲ್, ಗರಿಷ್ಠ ಹರಿವು ಸೆಕೆಂಡಿಗೆ 35 ಲೀಟರ್ ಎಂದಿಟ್ಟುಕೊಳ್ಳೋಣ. ಗುಣಿಸಿದರೆ 700 ಬರುತ್ತದೆ. ಆದರೆ ಎರಡೂ ಗರಿಷ್ಠಗಳು ಒಂದೇ ಕ್ಷಣದಲ್ಲಿ ಎಂದಿಗೂ ಸಿಗುವುದಿಲ್ಲ. ಒಂದು ಏರಿದಂತೆ ಇನ್ನೊಂದು ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಹಿಡಿದರೆ, ಅತ್ಯುತ್ತಮ ಸ್ಥಿತಿಯಲ್ಲಿ ಸಿಗುವುದು 10 ಕಿಲೊಪಾಸ್ಕಲ್ ಮತ್ತು 17.5 ಲೀಟರ್, ಅಂದರೆ 175 ಏರ್‌ವ್ಯಾಟ್. ಅಂಗಡಿಯಲ್ಲಿ ಮಾರಾಟಗಾರರು ಕೊಳವೆಯನ್ನು ನಮ್ಮ ಅಂಗೈಗೆ ಹಿಡಿದು 'ನೋಡಿ ಸಾರ್, ಎಷ್ಟು ಗಟ್ಟಿಯಾಗಿ ಎಳೆಯುತ್ತದೆ' ಎಂದು ತೋರಿಸುವುದು ಗಾಳಿಯೇ ಹರಿಯದ ಸ್ಥಿತಿಯ ಒತ್ತಡವನ್ನು ಮಾತ್ರ. ನೆಲದ ಮೇಲೆ ಆ ಸ್ಥಿತಿ ಬರುವುದೇ ಇಲ್ಲ.

ಬಾಳಿಕೆಯ ಮುಖ್ಯ ಪ್ರಶ್ನೆ ಇರುವುದು ಮೋಟರಿನಲ್ಲಿ. ತಂತಿ ಇರುವ ಬಹುಪಾಲು ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಇರುವುದು ನಮ್ಮ ಅಡುಗೆಮನೆಯ ಮಿಕ್ಸಿಯಲ್ಲಿರುವ ಜಾತಿಯದೇ ಮೋಟರ್. ಯುನಿವರ್ಸಲ್ ಮೋಟರ್ ಎಂದು ಅದರ ಹೆಸರು. ಒಳಗೆ ತಿರುಗುವ ಆರ್ಮೇಚರ್, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳಿಂದ ಕೂಡಿದ ಕಮ್ಯುಟೇಟರ್, ಆ ಪಟ್ಟಿಗಳಿಗೆ ಎರಡು ಕಡೆಯಿಂದ ಒತ್ತಿಕೊಂಡು ವಿದ್ಯುತ್ ಹಾಯಿಸುವ ಕಾರ್ಬನ್ ಬ್ರಷ್‌ಗಳು. ಚಿಕ್ಕ ಗಾತ್ರದಲ್ಲಿ ಭಾರಿ ವೇಗ ಸಿಗುವುದು ಈ ಮೋಟರಿನ ಗುಣ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಅದು ನಿಮಿಷಕ್ಕೆ 25,000ದಿಂದ 30,000 ಸುತ್ತು ತಿರುಗುವುದು ಸಾಮಾನ್ಯ. ವ್ಯತ್ಯಾಸವಿರುವುದು ಕೆಲಸದ ಅವಧಿಯಲ್ಲಿ. ಮಿಕ್ಸಿ ಚಟ್ನಿ ರುಬ್ಬಿ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ, ನಿಂತ ಮೇಲೆ ತಣ್ಣಗಾಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಡೆಬಿಡದೆ ಓಡಬೇಕು, ಅದೂ ದೂಳಿನ ನಡುವೆ.

ಈ ಮೋಟರ್ ಸಾಯುವ ಬಗೆಗಳು ಕೆಲವೇ. ಕಾರ್ಬನ್ ಬ್ರಷ್ ಸವೆದು ಗಿಡ್ಡವಾದಾಗ ಅದರ ಹಿಂದಿನ ಸ್ಪ್ರಿಂಗಿನ ಒತ್ತಡ ಕುಗ್ಗುತ್ತದೆ, ಬ್ರಷ್ಷು ಕಮ್ಯುಟೇಟರಿನ ಮೇಲೆ ಕುಣಿಯತೊಡಗುತ್ತದೆ, ಕಿಡಿ ಹಾರುತ್ತದೆ. ಬಿಚ್ಚಿ ನೋಡಿದರೆ ಎಲ್ಲವೂ ಕಣ್ಣಿಗೇ ತಿಳಿಯುತ್ತದೆ: ಆರೋಗ್ಯವಾಗಿರುವ ಕಮ್ಯುಟೇಟರಿನ ಮೇಲೆ ಒಂದೇ ಸಮನಾದ, ನಯವಾದ ತೆಳು ಕಂದು ಪದರ ಇರುತ್ತದೆ, ಕಿಡಿ ತಿಂದದ್ದರ ಮೇಲೆ ಪಟ್ಟಿಗಳ ಅಂಚು ಕಪ್ಪಾಗಿ, ಸಣ್ಣ ಸಣ್ಣ ಗುಳಿಗಳು ಬಿದ್ದಿರುತ್ತವೆ, ಸುತ್ತಲೂ ಕಾರ್ಬನ್ ಪುಡಿ ಮಸಿಯಂತೆ ಮೆತ್ತಿಕೊಂಡಿರುತ್ತದೆ. ಬ್ರಷ್ ಸವೆತವನ್ನು ಸಕಾಲದಲ್ಲಿ ಗಮನಿಸಿ ಹೊಸದು ಹಾಕಿದರೆ ಮೋಟರ್ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಬ್ರಷ್‌ಗಳನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದು. ಅಗ್ಗದ ಯಂತ್ರಗಳಲ್ಲಿ ಮೋಟರಿನ ಕವಚವನ್ನು ಅಂಟಿಸಿಯೋ ಒತ್ತಿ ಮುಚ್ಚಿಯೋ ಬಿಟ್ಟಿರುತ್ತಾರೆ. ಅಲ್ಪ ಬೆಲೆಯ ಬ್ರಷ್ ಸವೆದದ್ದಕ್ಕೆ ಇಡೀ ಮೋಟರ್ ಹೋಗುತ್ತದೆ, ಮೋಟರಿನ ಬೆಲೆ ಕೇಳಿ ಇಡೀ ಯಂತ್ರವನ್ನೇ ಬಿಸಾಡುತ್ತಾರೆ.

ಎರಡನೆಯದು ಬೇರಿಂಗ್, ಅಂದರೆ ಮೋಟರಿನ ತಿರುಗುವ ಅಚ್ಚನ್ನು ಹಿಡಿದು ಸರಾಗವಾಗಿ ತಿರುಗಲು ಬಿಡುವ ಭಾಗ. ಎರಡೂ ತುದಿಗಳಲ್ಲಿ ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ದೂಳು ಒಳಹೋಗುವುದು ಕಷ್ಟ, ಗ್ರೀಸು ಉಳಿಯುತ್ತದೆ. ಖರ್ಚು ಉಳಿಸಲು ಕಳಪೆ ಬೇರಿಂಗನ್ನೋ ಗುಂಡುಗಳಿಲ್ಲದ ಬುಷ್ಷನ್ನೋ ಹಾಕಿದ ಮೋಟರಿನಲ್ಲಿ ಸದ್ದು ತಿಂಗಳಿಂದ ತಿಂಗಳಿಗೆ ಕರ್ಕಶವಾಗುತ್ತ ಹೋಗುತ್ತದೆ. ಮೂರನೆಯದೂ ಅತ್ಯಂತ ಸಾಮಾನ್ಯವೂ ಆದದ್ದು ಬಿಸಿ. ಒಣ ದೂಳನ್ನಷ್ಟೇ ಹೀರುವ ಯಂತ್ರಗಳಲ್ಲಿ ಮೋಟರನ್ನು ತಣ್ಣಗಿಡಲು ಬೇರೆ ಏರ್ಪಾಡು ಇರುವುದಿಲ್ಲ. ದೂಳನ್ನು ಚೀಲದಲ್ಲಿ ಬಿಟ್ಟು ಮುಂದೆ ಸಾಗುವ ಗಾಳಿಯೇ ಮೋಟರಿನ ಸುತ್ತ ಹಾದು ಅದರ ಶಾಖವನ್ನು ಹೊತ್ತು ಹೊರಬರುತ್ತದೆ. ಆದ್ದರಿಂದ ಚೀಲ ತುಂಬಿದಾಗ, ಫಿಲ್ಟರ್ ಕಟ್ಟಿಕೊಂಡಾಗ ಹೀರುವ ಬಲ ಕುಂದುವುದಷ್ಟೇ ಅಲ್ಲ, ಮೋಟರಿಗೆ ಬೇಕಾದ ತಂಪೂ ನಿಂತುಹೋಗುತ್ತದೆ. ಮೋಟರಿನೊಳಗೆ ಸುತ್ತಿರುವ ತಂತಿಯ, ಅಂದರೆ ವೈಂಡಿಂಗಿನ, ಮೇಲಿನ ವಾರ್ನಿಷ್ ಶಾಖಕ್ಕೆ ಹದಗೆಟ್ಟು, ಸುತ್ತುಗಳು ಒಂದಕ್ಕೊಂದು ತಾಗಿ, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ಉತ್ತಮ ಯಂತ್ರದಲ್ಲಿ ಇದನ್ನು ತಡೆಯಲು ಬಿಸಿ ಮಿತಿಮೀರಿದರೆ ತಾನೇ ನಿಲ್ಲಿಸುವ ಕಟ್-ಆಫ್ ಇರುತ್ತದೆ, ಚೀಲ ತುಂಬಿದ್ದನ್ನು ತೋರಿಸುವ ಗುರುತು ಇರುತ್ತದೆ, ವೈಂಡಿಂಗಿನಲ್ಲಿ ತಾಮ್ರದ ತಂತಿ ಇರುತ್ತದೆ. ಅಗ್ಗದ ಮೋಟರುಗಳಲ್ಲಿ ಅಲ್ಯೂಮಿನಿಯಂ ತಂತಿಯನ್ನು ಬಳಸುವುದುಂಟು. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ವಿದ್ಯುತ್ ಪ್ರತಿರೋಧ ಹೆಚ್ಚು, ಆದ್ದರಿಂದ ಹುಟ್ಟುವ ಶಾಖವೂ ಹೆಚ್ಚು.

ನಮ್ಮ ಊರುಗಳ ದೂಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಈ ಯಂತ್ರಗಳ ಮೊದಲ ವಿನ್ಯಾಸಗಳು ಹುಟ್ಟಿದ್ದು ಕಂಬಳಿಹಾಸಿನ ನೆಲದ ಮನೆಗಳಿಗಾಗಿ. ಅಲ್ಲಿನ ಕಸದಲ್ಲಿ ನೂಲಿನ ಎಳೆ, ಕೂದಲು, ಬ್ರೆಡ್ಡಿನ ಚೂರು ಹೆಚ್ಚು. ಬೆಂಗಳೂರಿನಲ್ಲಿ ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದರೆ ಸಿಮೆಂಟು, ಗ್ರಾನೈಟು ಕತ್ತರಿಸಿದ ಪುಡಿ ಕಿಟಕಿಯ ಜಾಲರಿಯಲ್ಲೂ ಬೀರುವಿನ ಮೇಲೂ ಬಂದು ಕೂರುತ್ತದೆ. ಸಂಡೂರು, ಹೊಸಪೇಟೆಯ ಕಡೆ ಅದಿರಿನ ಕೆಂಪು ದೂಳು. ದೇವರ ಕೋಣೆಯಲ್ಲಿ ಊದುಬತ್ತಿಯ ಬೂದಿ, ಹೊಸ್ತಿಲ ಬಳಿ ರಂಗೋಲಿ ಪುಡಿ. ಇವೆಲ್ಲ ಬಹಳ ನುಣುಪಾದ ಪುಡಿಗಳು. ಎಳೆಗಳಿಗಿಂತ ಎಷ್ಟೋ ಬೇಗ ಇವು ಫಿಲ್ಟರಿನ ರಂಧ್ರಗಳನ್ನು ಮುಚ್ಚುತ್ತವೆ. ಹೊರಗಿನಿಂದ ನೋಡಿದರೆ ದೂಳಿನ ಡಬ್ಬಿ ಕಾಲು ಭಾಗವೂ ತುಂಬಿರುವುದಿಲ್ಲ, ಒಳಗೆ ಫಿಲ್ಟರ್ ಮಾತ್ರ ಉಸಿರುಗಟ್ಟಿರುತ್ತದೆ, ಮೋಟರ್ ಬೇಯುತ್ತಿರುತ್ತದೆ. ಮನೆಯ ದುರಸ್ತಿ ಕೆಲಸದ ನಂತರ ಉಳಿದ ಸಿಮೆಂಟು ಪುಡಿಯನ್ನು ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಹೀರಿಸಲೇಬಾರದು. ಅದಕ್ಕೆ ದೊಡ್ಡ ಡ್ರಮ್ಮಿನ, ನೀರನ್ನೂ ಹೀರಬಲ್ಲ ಬಗೆಯ ಯಂತ್ರವೇ ಸರಿ. ಅಂಥವುಗಳಲ್ಲಿ ಮೋಟರನ್ನು ತಂಪಾಗಿಡಲು ಪ್ರತ್ಯೇಕ ಫ್ಯಾನು, ಪ್ರತ್ಯೇಕ ಗಾಳಿಯ ದಾರಿ ಇರುತ್ತದೆ.

ಹೀರಿದ ದೂಳು ಒಳಗೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಬಾಳಿಕೆಯಷ್ಟೇ ಮುಖ್ಯ, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಮುಖ್ಯ. ಕೈಯಲ್ಲಿ ಹಿಡಿದು ಓಡಿಸಬಹುದಾದ ವಿದ್ಯುತ್ ವ್ಯಾಕ್ಯೂಮ್ ಕ್ಲೀನರ್‌ಗೆ 1908ರಲ್ಲಿ ಪೇಟೆಂಟ್ ಪಡೆದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದರು. ಅವರಿಗೆ ಅಸ್ತಮಾ ಇತ್ತು; ಗುಡಿಸುವಾಗ ಏಳುವ ದೂಳು ಅವರನ್ನು ಕಾಡುತ್ತಿತ್ತು. ಫ್ಯಾನಿನ ಮೋಟರ್, ಪೊರಕೆಯ ಹಿಡಿ, ದೂಳು ಹಿಡಿಯಲು ದಿಂಬಿನ ಕವರ್ ಇವುಗಳನ್ನು ಸೇರಿಸಿ ಅವರು ತಮ್ಮ ಮೊದಲ ಯಂತ್ರವನ್ನು ಕಟ್ಟಿದರು. ಅದರ ಹಕ್ಕನ್ನು ಕೊಂಡ ಹೂವರ್ ಕುಟುಂಬದ ಹೆಸರು ಮುಂದೆ ಲೋಕಪ್ರಸಿದ್ಧವಾಯಿತು. ಯಂತ್ರ ಹುಟ್ಟಿದ್ದೇ ಉಸಿರಾಟದ ಕಷ್ಟದಿಂದ ಎಂಬುದನ್ನು ನೆನಪಿಟ್ಟರೆ, ದೂಳನ್ನು ನೆಲದಿಂದ ಎತ್ತಿ ಗಾಳಿಗೆ ಹರಡುವ ಯಂತ್ರವನ್ನು ಕೊಳ್ಳುವುದು ಎಷ್ಟು ವ್ಯರ್ಥವೆಂಬುದು ಸ್ಪಷ್ಟವಾಗುತ್ತದೆ. ಬಟ್ಟೆಯ ಚೀಲ ಕಣ್ಣಿಗೆ ಕಾಣುವ ಕಸವನ್ನು ತಡೆಯುತ್ತದೆ; ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಅದರ ನೇಯ್ಗೆಯ ನಡುವೆ ಸರಾಗವಾಗಿ ನುಸುಳುತ್ತವೆ.

ಇದಕ್ಕೆ ಪರಿಹಾರವಾಗಿ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ (HEPA) ಫಿಲ್ಟರ್ ಇದೆ. ಯುರೋಪಿನ ಮಾನದಂಡದ ಪ್ರಕಾರ ಎಚ್13 ದರ್ಜೆಯ ಫಿಲ್ಟರ್ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ತಡೆಯಬೇಕು, ಅಮೆರಿಕದ ವ್ಯಾಖ್ಯೆಯಲ್ಲಿ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97. 'ಹೆಪಾ ಮಾದರಿಯ', 'ಹೆಪಾದಂಥ' ಎಂದು ಬರೆದಿದ್ದರೆ ಈ ಯಾವ ಪರೀಕ್ಷೆಯ ಭರವಸೆಯೂ ಇಲ್ಲವೆಂದು ತಿಳಿಯಬೇಕು. ಇದಕ್ಕಿಂತ ಹೆಚ್ಚಿನ ಜನ ಎಡವುವುದು ಇನ್ನೊಂದು ಕಡೆ. ಫಿಲ್ಟರ್ ಎಷ್ಟೇ ಶ್ರೇಷ್ಠವಾಗಿದ್ದರೂ ಗಾಳಿ ಅದರ ಮೂಲಕವೇ ಹೋಗಬೇಕೆಂಬ ಕಡ್ಡಾಯವಿಲ್ಲದಿದ್ದರೆ ಅದು ನಿರುಪಯುಕ್ತ. ಗಾಳಿ ಯಾವಾಗಲೂ ತಡೆ ಕಡಿಮೆಯಿರುವ ದಾರಿಯನ್ನು ಹುಡುಕುತ್ತದೆ. ಮುಚ್ಚಳದ ಅಂಚಿನಲ್ಲಿ ರಬ್ಬರ್ ಗ್ಯಾಸ್ಕೆಟ್ ಇಲ್ಲದಿದ್ದರೆ, ಇದ್ದರೂ ತೆಳ್ಳಗಿನ ಸ್ಪಂಜಿನ ಪಟ್ಟಿಯಾಗಿದ್ದರೆ, ಒಳಗಿನ ಒತ್ತಡಕ್ಕೆ ದೂಳುಗಾಳಿ ಸಂದಿಗಳಿಂದ ಹೊರಗೆ ಚಿಮ್ಮುತ್ತದೆ. ಬೆಳಗಿನ ಬಿಸಿಲು ಕೋಲಾಗಿ ಒಳಬರುವ ಕಿಟಕಿಯ ಬಳಿ ಯಂತ್ರವನ್ನಿಟ್ಟು ಓಡಿಸಿ, ಅದರ ಕೀಲುಗಳ ಸುತ್ತ ನೋಡಿದರೆ ಈ ಸೋರಿಕೆ ಬರಿಗಣ್ಣಿಗೆ ಕಾಣುತ್ತದೆ; ಮೊದಲ ನಿಮಿಷದಲ್ಲೇ ಮೂಗಿಗೆ ಬಡಿಯುವ ಹಳೆ ದೂಳಿನ ವಾಸನೆಯೂ ಅದರದ್ದೇ ಸೂಚನೆ. ಬೆಲೆ ಹೆಚ್ಚಿರುವ ಒಳ್ಳೆಯ ಯಂತ್ರಗಳಲ್ಲಿ ಹಣ ಹೋಗಿರುವುದು ಇಂಥ ಕಡೆಗೆ: ಎರಡು ಪ್ಲಾಸ್ಟಿಕ್ ಭಾಗಗಳು ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂಡುವಂತೆ ಎರಕ ಹೊಯ್ಯುವುದಕ್ಕೆ, ಹತ್ತು ವರ್ಷವಾದರೂ ಗಟ್ಟಿಯಾಗದ ರಬ್ಬರಿಗೆ. ಮನೆಯಲ್ಲಿ ಅಸ್ತಮಾ ಇರುವವರೋ ದೂಳಿನ ಅಲರ್ಜಿಯ ಮಕ್ಕಳೋ ಇದ್ದರೆ ಉಳಿದೆಲ್ಲ ಅನುಕೂಲಗಳನ್ನು ಬಿಟ್ಟಾದರೂ ಇದಕ್ಕೆ ಹಣ ಕೊಡಬೇಕು. ಹಾಸಿಗೆಯಲ್ಲಿ ಬೆಳೆಯುವ ದೂಳು ಹುಳಗಳ ಹಿಕ್ಕೆಯೇ ಆ ಅಲರ್ಜಿಗೆ ದೊಡ್ಡ ಕಾರಣ. ಸೋರುವ ಯಂತ್ರದಿಂದ ಹಾಸಿಗೆ ಶುಚಿ ಮಾಡಲು ಹೊರಟರೆ ಆ ಹಿಕ್ಕೆಯನ್ನು ಉಸಿರಿನ ಮಟ್ಟಕ್ಕೆ ಎತ್ತಿ ಹರಡಿದಂತಾಗುತ್ತದೆ.

ಚೀಲವಿರುವ ಯಂತ್ರವೋ ಚೀಲವಿಲ್ಲದ್ದೋ ಎಂಬ ಆಯ್ಕೆಯಲ್ಲಿ ನನ್ನ ಒಲವು ಚೀಲದ ಕಡೆಗೆ. ಚೀಲವಿಲ್ಲದ ಯಂತ್ರಗಳಲ್ಲಿ ಗಾಳಿಯನ್ನು ಸುಳಿಯಾಗಿ ತಿರುಗಿಸಿ ದೂಳನ್ನು ಬೇರ್ಪಡಿಸುತ್ತಾರೆ. ಬ್ರಿಟನ್ನಿನ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ನೋಡಿ, 1993ರಲ್ಲಿ ತಮ್ಮದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ತಂತ್ರ ಅದು. ಚೆನ್ನಾಗಿ ಮಾಡಿದರೆ ಬಹಳ ಒಳ್ಳೆಯ ತಂತ್ರವೇ. ಆದರೆ ಅದನ್ನು ಅಗ್ಗವಾಗಿ ಅನುಕರಿಸಿದ ಯಂತ್ರಗಳಲ್ಲಿ ಸುಳಿ ದುರ್ಬಲವಾಗಿ, ನುಣುಪು ದೂಳೆಲ್ಲ ಮೋಟರಿನ ಮುಂದಿನ ಫಿಲ್ಟರಿಗೇ ಹೋಗಿ ಕೂರುತ್ತದೆ. ಆ ಫಿಲ್ಟರನ್ನು ಪದೇ ಪದೇ ತೊಳೆಯಬೇಕು, ತೊಳೆದ ಮೇಲೆ ಪೂರ್ತಿ ಒಣಗಿಸಬೇಕು; ಕನಿಷ್ಠ 24 ಗಂಟೆ ಎಂದು ಕೈಪಿಡಿಗಳು ಹೇಳುತ್ತವೆ. ಮಳೆಗಾಲದ ಮಂಗಳೂರಿನಲ್ಲಿ, ತೀರ್ಥಹಳ್ಳಿಯಲ್ಲಿ, ಮಡಿಕೇರಿಯಲ್ಲಿ ಎರಡು ದಿನ ಬಿಟ್ಟರೂ ಅದು ಒಣಗುವುದಿಲ್ಲ. ಹಸಿ ಫಿಲ್ಟರನ್ನೇ ಹಾಕಿ ಓಡಿಸಿದರೆ ತೇವ ಮೋಟರಿಗೆ ಹೋಗುತ್ತದೆ, ದೂಳು ಕೆಸರಾಗಿ ಅಂಟುತ್ತದೆ, ಬೂಸಲು ವಾಸನೆ ಬಿಡುವುದೇ ಇಲ್ಲ. ಹಲವು ಪದರದ ಚೀಲವಾದರೋ ತಾನೇ ಮೊದಲ ಫಿಲ್ಟರಾಗಿ ನಿಂತು ಮೋಟರನ್ನು ಕಾಯುತ್ತದೆ. ತುಂಬಿದಾಗ ಬಾಯಿ ಮುಚ್ಚಿ ಕಸಕ್ಕೆ ಹಾಕಿದರಾಯಿತು, ದೂಳು ಮುಖಕ್ಕೆ ರಾಚುವುದಿಲ್ಲ. ಚೀಲಕ್ಕೆ ವರ್ಷವರ್ಷವೂ ಖರ್ಚಿದೆ, ಮತ್ತು ಅದು ನಮ್ಮ ಊರಿನಲ್ಲಿ ಸಿಗಬೇಕು ಎಂಬುದು ಅದರ ತೊಡಕು. ಯಂತ್ರ ಕೊಳ್ಳುವ ಮೊದಲು ಚೀಲದ ಬೆಲೆಯನ್ನೂ ಲಭ್ಯತೆಯನ್ನೂ ವಿಚಾರಿಸಬೇಕು.

ಕೊಳವೆ, ತಂತಿ, ಚಕ್ರ ಮುಂತಾದವು ಚಿಕ್ಕ ವಿಷಯಗಳಂತೆ ಕಂಡರೂ ಯಂತ್ರ ಮೂಲೆ ಸೇರುವುದು ಅನೇಕ ಬಾರಿ ಇವುಗಳಿಂದಲೇ. ಕೊಳವೆ ಯಂತ್ರಕ್ಕೆ ಸೇರುವ ಕತ್ತಿನ ಬಳಿ ದಿನಾ ಬಾಗಿ ಬಾಗಿ ಸೀಳು ಬಿಡುತ್ತದೆ. ಅಲ್ಲಿಂದ ಗಾಳಿ ಒಳನುಗ್ಗಿ ಮೂತಿಯಲ್ಲಿ ಬಲವಿಲ್ಲದಾಗುತ್ತದೆ. ಟೇಪು ಸುತ್ತಿದರೆ ಕೆಲವು ವಾರ ತಡೆಯಬಹುದು, ಅಷ್ಟೇ.

ಈಗ ಬಿಡಿಭಾಗಗಳ ಮಾತು. ಇದುವರೆಗೆ ಹೇಳಿದ ಯಾವ ಭಾಗವೂ ಶಾಶ್ವತವಲ್ಲ. ಬ್ರಷ್ ಸವೆಯುತ್ತದೆ, ಗ್ಯಾಸ್ಕೆಟ್ ಗಟ್ಟಿಯಾಗುತ್ತದೆ, ಕೊಳವೆ ಸೀಳುತ್ತದೆ. ಆದ್ದರಿಂದ ಬಾಳಿಕೆ ಎಂದರೆ ಕೆಡದಿರುವುದು ಮಾತ್ರವಲ್ಲ, ಕೆಟ್ಟದ್ದನ್ನು ಬದಲಿಸಲು ಆಗುವುದು ಕೂಡ. ಭಾರತದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಧ್ಯಮವರ್ಗದ ಮನೆಗಳಿಗೆ ಪರಿಚಯವಾದದ್ದು ಬಹುಮಟ್ಟಿಗೆ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಕಂಪನಿಯ ಮನೆಮನೆ ಮಾರಾಟದಿಂದ. ಟೈ ಕಟ್ಟಿದ ತರುಣರು ಬಾಗಿಲು ತಟ್ಟಿ, ಹಾಸಿಗೆಯಿಂದ ತೆಗೆದ ದೂಳನ್ನು ಕಣ್ಣೆದುರೇ ತೋರಿಸುತ್ತಿದ್ದ ಪ್ರಾತ್ಯಕ್ಷಿಕೆ ಅನೇಕರಿಗೆ ನೆನಪಿರಬಹುದು. ಇಂದು ಆನ್‌ಲೈನ್‌ನಲ್ಲಿ ಹತ್ತಾರು ಅಪರಿಚಿತ ಹೆಸರುಗಳ ಯಂತ್ರಗಳು ಸಿಗುತ್ತವೆ. ಮುಂದಿನ ವರ್ಷ ಆ ಹೆಸರೇ ಇರುವುದಿಲ್ಲ, ಅದರ ಫಿಲ್ಟರ್ ಎಲ್ಲಿಯೂ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಳತೆಗೆ ಹೊಂದುವ ಕಾರ್ಬನ್ ಬ್ರಷ್ಷನ್ನೋ ಬೇರಿಂಗನ್ನೋ ಹುಡುಕಿ ತೆಗೆಯಬಹುದು, ಮೋಟರ್ ವೈಂಡಿಂಗ್ ಅಂಗಡಿಯವರು ಅದನ್ನು ಹಾಕಿಯೂ ಕೊಡುತ್ತಾರೆ. ಆದರೆ ಒಂದೇ ಮಾದರಿಗೆಂದು ಎರಕ ಹೊಯ್ದ ಗ್ಯಾಸ್ಕೆಟ್, ಫಿಲ್ಟರ್, ಕೊಳವೆಯ ಕತ್ತು ಇವು ತಯಾರಕರಿಂದಲೇ ಬರಬೇಕು. ಇಂಗ್ಲೆಂಡಿನ ಸಾಮರ್ಸೆಟ್‌ನ ಚಾರ್ಡ್ ಎಂಬ ಊರಿನಲ್ಲಿ ತಯಾರಾಗುವ, ಮೇಲೆ ನಗುಮುಖ ಬರೆದ 'ಹೆನ್ರಿ' ಎಂಬ ಯಂತ್ರ ದಶಕಗಳಿಂದ ತನ್ನ ಮೂಲ ವಿನ್ಯಾಸವನ್ನು ಹೆಚ್ಚು ಬದಲಿಸಿಲ್ಲ. ಅದರ ಬಿಡಿಭಾಗಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಅದಕ್ಕೆ ಬಾಳಿಕೆಯ ಹೆಸರು ಬಂದಿರುವುದು ಇದರಿಂದ.

ಕಾನೂನು ಕೂಡ ನಿಧಾನವಾಗಿ ಈ ಕಡೆ ಸರಿಯುತ್ತಿದೆ. ಯುರೋಪಿನ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ದುರಸ್ತಿ ಹಕ್ಕಿನ ನಿರ್ದೇಶನದಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳೂ ಸೇರಿವೆ; ಖಾತರಿ ಅವಧಿ ಮುಗಿದ ಮೇಲೂ ತಯಾರಕರು ನ್ಯಾಯವಾದ ಬೆಲೆಗೆ ದುರಸ್ತಿ ಮಾಡಿಕೊಡಬೇಕೆಂಬ ಆ ನಿಯಮ ಅನ್ವಯವಾಗುವುದು 2026ರ ಜುಲೈ 31ರಿಂದ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಇದಕ್ಕೊಂದು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಗೃಹೋಪಯೋಗಿ ವಸ್ತುಗಳು ಅದರ ವ್ಯಾಪ್ತಿಯಲ್ಲಿವೆ.

ಹಾಗಾದರೆ ಲೆಕ್ಕ ಹೇಗೆ? ಮೂರು ಯಂತ್ರಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡು ಹನ್ನೆರಡು ವರ್ಷದ ಖರ್ಚನ್ನು ಬರೆದು ನೋಡೋಣ. ಮೊದಲನೆಯದಕ್ಕೆ 5,000 ರೂಪಾಯಿ. ದುರಸ್ತಿಯಾಗದು, ಎರಡು ವರ್ಷಕ್ಕೊಮ್ಮೆ ಹೊಸದು ಬೇಕು. ಆರು ಯಂತ್ರಗಳಿಗೆ 30,000, ವರ್ಷಕ್ಕೆ 500ರಂತೆ ಫಿಲ್ಟರಿಗೆ 6,000, ಒಟ್ಟು 36,000. ಎರಡನೆಯದು 10,000 ರೂಪಾಯಿಯದು; ಮೋಟರ್ ಚೆನ್ನಾಗಿದೆ, ಬಿಡಿಭಾಗ ಸಿಗುತ್ತದೆ. ಚೀಲ ಮತ್ತು ಫಿಲ್ಟರಿಗೆ ವರ್ಷಕ್ಕೆ 600ರಂತೆ 7,200, ನಡುವೆ ಬ್ರಷ್, ಕೊಳವೆ, ಬೇರಿಂಗಿಗೆಂದು 3,000, ಒಟ್ಟು 20,200. ಮೂರನೆಯದು 18,000ದ ಆಮದು ಯಂತ್ರ. ಚೀಲಕ್ಕೆ ವರ್ಷಕ್ಕೆ 900ರಂತೆ 10,800, ದುರಸ್ತಿಗೆ 3,000, ಒಟ್ಟು 31,800. ಅಗ್ಗದ ಯಂತ್ರ ಎರಡರ ಬದಲು ಮೂರು ವರ್ಷ ಬಾಳಿದರೆ ಅದರ ಒಟ್ಟು ಖರ್ಚು 26,000ಕ್ಕೆ ಇಳಿದು, ದುಬಾರಿ ಆಮದು ಯಂತ್ರಕ್ಕಿಂತ ಅದೇ ಸೋವಿಯಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಗೆಲ್ಲುವುದು ನಡುವಿನದು. ಬೆಲೆ ಹೆಚ್ಚಿದಷ್ಟೂ ಲಾಭ ಹೆಚ್ಚುತ್ತದೆ ಎಂಬ ಮಾತಿಗೆ ಈ ಲೆಕ್ಕದಲ್ಲಿ ಬೆಂಬಲವಿಲ್ಲ. ದುರಸ್ತಿಗೆ ಒಗ್ಗುವ ಯಂತ್ರ ಸಿಗುವ ಬೆಲೆಯವರೆಗೆ ಏರುವುದು ಲಾಭ, ಅದರಾಚೆಗೆ ನಾವು ಕೊಡುವುದು ಕಡಿಮೆ ಸದ್ದಿಗೆ, ಉತ್ತಮ ಶೋಧನೆಗೆ, ಅಂದಕ್ಕೆ. ಅವು ಬೇಕೆನಿಸಿದರೆ ಕೊಡಬಹುದು, ಆದರೆ ಅದನ್ನು ಉಳಿತಾಯವೆಂದು ಕರೆಯುವುದು ಸರಿಯಲ್ಲ. ವಿದ್ಯುತ್ ಉಳಿತಾಯವೂ ಮಾರಾಟಗಾರರು ಹೇಳುವಷ್ಟಿಲ್ಲ. ವಾರಕ್ಕೆರಡು ಬಾರಿ ಅರ್ಧ ಗಂಟೆ ಓಡಿಸಿದರೆ 1,400 ವ್ಯಾಟ್ ಯಂತ್ರ ವರ್ಷಕ್ಕೆ ಸುಮಾರು 73 ಯೂನಿಟ್, 800 ವ್ಯಾಟ್‌ನದು ಸುಮಾರು 42 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ವ್ಯತ್ಯಾಸ ವರ್ಷಕ್ಕೆ 220 ರೂಪಾಯಿಯ ಆಸುಪಾಸು.

ತಂತಿಯಿಲ್ಲದ, ಕೋಲಿನ ಆಕಾರದ ಯಂತ್ರಗಳಿಗೆ ಬೇರೆಯದೇ ಲೆಕ್ಕ. ಅವುಗಳ ಉತ್ತಮ ಮಾದರಿಗಳಲ್ಲಿ ಬ್ರಷ್ ಇಲ್ಲದ ಮೋಟರ್ ಇರುತ್ತದೆ. ಸವೆಯಲು ಕಾರ್ಬನ್ನೇ ಇಲ್ಲದ್ದರಿಂದ ಅದು ಬಹುಕಾಲ ಬಾಳುತ್ತದೆ. ಅಲ್ಲಿ ಮೊದಲು ಸೋಲುವುದು ಲಿಥಿಯಂ ಬ್ಯಾಟರಿ. ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ಅದರ ಸಾಮರ್ಥ್ಯ ಮೊದಲಿನ ಶೇ 80ರ ಸುತ್ತ ಇಳಿದಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಂಥ ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ. ಬ್ಯಾಟರಿಯನ್ನು ಗುಂಡಿ ಒತ್ತಿ ಬಿಚ್ಚಿ ಬೇರೆಯದನ್ನು ಹಾಕುವಂತಿದ್ದರೆ, ಆ ಬ್ಯಾಟರಿ ಇಲ್ಲಿ ಸಿಗುವಂತಿದ್ದರೆ ಮಾತ್ರ ಅಂಥ ಯಂತ್ರಕ್ಕೆ ದೊಡ್ಡ ಹಣ ಕೊಡುವುದು ಸಮಂಜಸ. ಮೇಲೆ ಹೇಳಿದ ಯುರೋಪಿನ 2013ರ ನಿಯಮ ಬ್ಯಾಟರಿ ಯಂತ್ರಗಳನ್ನು ಹೊರಗಿಟ್ಟಿತ್ತು ಎಂಬುದನ್ನೂ ಗಮನಿಸಬೇಕು. 500 ಗಂಟೆಯ ಷರತ್ತು ಅವಕ್ಕೆ ಇರಲಿಲ್ಲ.

ಎಲ್ಲ ಮನೆಗೂ ಈ ಯಂತ್ರ ಬೇಕೆಂದು ನಾನು ವಾದಿಸುವುದಿಲ್ಲ. ರೆಡ್ ಆಕ್ಸೈಡ್, ಕಡಪ ಕಲ್ಲು ಅಥವಾ ಟೈಲ್ಸ್ ನೆಲದ, ಸೋಫಾ ಕಂಬಳಿಗಳಿಲ್ಲದ ಚಿಕ್ಕ ಮನೆಗೆ ಪೊರಕೆ ಮತ್ತು ಒದ್ದೆ ಬಟ್ಟೆ ಸಾಕು. ಒರೆಸುವಾಗ ದೂಳು ಏಳುವುದೂ ಇಲ್ಲ. ದಪ್ಪ ಹಾಸಿಗೆ, ಬಟ್ಟೆಯ ಸೋಫಾ, ಪರದೆ, ಪುಸ್ತಕದ ಕಪಾಟು, ಸಾಕುನಾಯಿ ಇರುವ ಮನೆಗೆ, ಬಗ್ಗಿ ಗುಡಿಸಲಾಗದ ಹಿರಿಯರಿರುವ ಮನೆಗೆ, ಉಸಿರಾಟದ ತೊಂದರೆಯವರಿರುವ ಮನೆಗೆ ಯಂತ್ರದ ಬೆಲೆ ಹುಟ್ಟುತ್ತದೆ.

ಮನೆಯಲ್ಲಿ ಈಗಾಗಲೇ ಹಳೆಯ ಯಂತ್ರವೊಂದು ಮಂಚದ ಕೆಳಗೆ ಬಿದ್ದಿದ್ದರೆ ಹೊಸದನ್ನು ಕೊಳ್ಳುವ ಮೊದಲು ಅದನ್ನು ಹೊರತೆಗೆದು ಪರೀಕ್ಷಿಸುವುದು ಒಳ್ಳೆಯದು. ಹೀರುವ ಬಲ ಕಡಿಮೆ ಎಂದು ಬದಿಗಿಟ್ಟ ಅನೇಕ ಯಂತ್ರಗಳಲ್ಲಿ ಮೋಟರ್ ಸರಿಯಾಗಿಯೇ ಇರುತ್ತದೆ. ಕಟ್ಟಿಕೊಂಡಿರುವುದು ಮೋಟರಿನ ಮುಂದಿನ ಸಣ್ಣ ಸ್ಪಂಜು ಫಿಲ್ಟರ್, ಇಲ್ಲವೇ ಕೊಳವೆಯ ಬಾಗಿನಲ್ಲಿ ಸಿಕ್ಕಿಕೊಂಡ ಕೂದಲಿನ ಉಂಡೆ. ಮೂತಿಯನ್ನು ತೆಗೆದು ಕೊಳವೆಯನ್ನು ನೇರವಾಗಿ ಹಿಡಿದು ಇನ್ನೊಂದು ತುದಿಯಿಂದ ಬೆಳಕು ಕಾಣುತ್ತದೆಯೇ ನೋಡಿ, ಫಿಲ್ಟರ್ ಬದಲಿಸಿ, ಆಮೇಲೆ ಓಡಿಸಿ. ಕಿಡಿಯ ವಾಸನೆ, ಎದ್ದು ಬಿದ್ದು ಬರುವ ಸದ್ದು ಇದ್ದರೆ ಬ್ರಷ್ ಸವೆದಿರಬಹುದು. ಅದನ್ನು ಅಂದೇ ನಿಲ್ಲಿಸಿ ದುರಸ್ತಿಗೆ ಕೊಟ್ಟರೆ ಕಮ್ಯುಟೇಟರ್ ಉಳಿಯುತ್ತದೆ, ಇನ್ನೊಂದು ತಿಂಗಳು ಹಾಗೆಯೇ ಓಡಿಸಿದರೆ ಉಳಿಯುವುದಿಲ್ಲ. ಬ್ರಷ್ಷಿನ ಜೊತೆ ಮುಚ್ಚಳದ ಗ್ಯಾಸ್ಕೆಟ್ಟನ್ನೂ ಬದಲಿಸಲು ದುರಸ್ತಿಯವರಿಗೆ ಹೇಳಿ. ಬಿಚ್ಚಿದ್ದನ್ನು ಮತ್ತೆ ಮುಚ್ಚುವಾಗ ಹಳೆಯ ರಬ್ಬರ್ ಸರಿಯಾಗಿ ಕೂರುವುದು ಅಪರೂಪ.